ಹೆಬ್ಬಾತುಗಳ ತವರಿಗೆ ದಾರಿ

ಆ ವರ್ಷ ಡಿಸೆಂಬರಿನಿಂದ ಜೂನ್ ತನಕ ಹೈದರಾಬಾದಿನ ನಾಚಾರಂನ ನಮ್ಮ ಮನೆಯ ಪಡಸಾಲೆಯ ಮಂಚದ ಮೇಲೆ ಯಾರೂ ಮಲಗಲಿಲ್ಲ. ಅಲ್ಲಿ ಒಂದು ದೊಡ್ಡ ನಕಾಶೆ ಹಾಸಿತ್ತು. ಸುರುಳಿ ಸುತ್ತಿಕೊಳ್ಳದಿರಲೆಂದು ನಾಲ್ಕು ಮೂಲೆಗೆ ನಾಲ್ಕು ಸ್ಟೀಲ್ ಲೋಟ. ದೆಹಲಿ ಮಂಚದ ಕಾಲುದೆಸೆಗೆ, ಲಡಾಖ್ ತಲೆದಿಂಬಿನ ಹತ್ತಿರ. ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು, ಚಹಾದ ಲೋಟ ಹಿಡಿದು ನಾನು ಆ ಮಂಚದ ಅಂಚಿಗೆ ಕೂತರೆ, ಹೊರಗೆ ಲಾರಿಗಳು ಹಿಂದಕ್ಕೆ ತಿರುಗುವಾಗಿನ ಪೀಂ ಪೀಂ ಸದ್ದು ಕೂಡ ಎಲ್ಲೋ ದೂರದ ನೀರಿನ ಮೇಲಿಂದ ಬರುವ ಕೂಗಿನ ಹಾಗೆ ಕೇಳುತ್ತಿತ್ತು.

ನಕಾಶೆ ತಂದವರು ನನ್ನ ಮನೆಯವರು. ಇಲ್ಲೇ ಹತ್ತಿರದ ಕಾರ್ಖಾನೆಯೊಂದರಲ್ಲಿ, ಮಾಲು ಕಳಿಸುವ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತರಾಗಿದ್ದರು. ಯಾವ ಲಾರಿ ಯಾವ ದಾರಿ ಹಿಡಿಯಬೇಕು, ಯಾವ ಘಾಟಿನಲ್ಲಿ ಮಳೆಗಾಲಕ್ಕೆ ಮಣ್ಣು ಕುಸಿಯುತ್ತದೆ, ಡ್ರೈವರು ಎಲ್ಲಿ ಉಂಡು ಎಲ್ಲಿ ಮಲಗಬೇಕು, ಇದೇ ಅವರ ಕೆಲಸವಾಗಿತ್ತು. ಅವರು ಕೆಲಸ ಬಿಟ್ಟರೂ ಡ್ರೈವರುಗಳು ಅವರನ್ನು ಬಿಟ್ಟಿರಲಿಲ್ಲ. ನಾಗಪುರದಿಂದಲೋ ಝಾನ್ಸಿಯಿಂದಲೋ ಫೋನ್ ಮಾಡಿ ಬೈಪಾಸ್ ಹಿಡಿಯಬೇಕೋ ಊರೊಳಗೆ ಹೋಗಬೇಕೋ ಎಂದು ಕೇಳುತ್ತಿದ್ದರು. ಆ ವರ್ಷಗಳ ಧೂಳೆಲ್ಲ ಇವರ ಎದೆಯೊಳಗೆ ಕೂತುಬಿಟ್ಟಿತ್ತು. ಮೂರನೇ ಮಹಡಿಯ ನಮ್ಮ ಮನೆಗೆ ಹತ್ತುವಾಗ ಪ್ರತಿ ತಿರುವಿನಲ್ಲೂ ನಿಲ್ಲುತ್ತಿದ್ದರು. ನಿಂತದ್ದು ಕೆಳಗಿನ ಬೀದಿ ನೋಡುವುದಕ್ಕೆ ಎಂಬಂತೆ ಆ ಕಡೆ ಮುಖ ತಿರುಗಿಸುತ್ತಿದ್ದರು.

ನಾನು ಕೇಂದ್ರ ಸರ್ಕಾರದ ಉದ್ಯಮವೊಂದರಲ್ಲಿ ತಪಾಸಣೆ ವಿಭಾಗದವಳು. ದಿನವಿಡೀ ಲೋಹದ ಸಣ್ಣ ಸಣ್ಣ ತುಣುಕುಗಳನ್ನು ಕಣ್ಣ ಹತ್ತಿರ ಹಿಡಿದು ಅಳೆಯುವ ಕೆಲಸ. ದೂರ ನೋಡುವ ಹಸಿವು ನನಗೆ ಹುಟ್ಟಿದ್ದು ಅದರಿಂದಲೇ ಇರಬೇಕು. ಹತ್ತು ವರ್ಷದಿಂದ ಭಾನುವಾರ ಬೆಳಿಗ್ಗೆ ದುರ್ಬೀನು ಕೊರಳಿಗೆ ಹಾಕಿಕೊಂಡು ಗಚ್ಚಿಬೌಲಿಯ ವಿಶ್ವವಿದ್ಯಾಲಯದ ಕೆರೆಗಳಿಗೆ ಹೋಗುತ್ತೇನೆ. ಹೊರಗೆ ರಸ್ತೆಯಲ್ಲಿ ಕ್ಯಾಬುಗಳು ಒಂದಕ್ಕೊಂದು ತಾಗಿ ನಿಂತಿದ್ದರೆ, ಗೋಡೆಯ ಒಳಗೆ ಜೊಂಡಿನ ನಡುವೆ ನೀರುಕೋಳಿ ತನ್ನ ಪಾಡಿಗೆ ನಡೆಯುತ್ತಿರುತ್ತದೆ.

ಆದರೆ ಹಕ್ಕಿಯ ಹುಚ್ಚು ಅದಕ್ಕೂ ಹಳೆಯದು. ನನ್ನ ತವರು ಗದಗ ಸೀಮೆ. ಚಳಿಗಾಲಕ್ಕೆ ನಮ್ಮೂರ ಕೆರೆಗೆ ಪಟ್ಟೆ ತಲೆಯ ಹೆಬ್ಬಾತುಗಳು ಬಂದಿಳಿಯುತ್ತಿದ್ದವು. ಬೂದು ಮೈ, ಬಿಳಿಯ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಸೂರ್ಯ ಇಳಿಯುತ್ತಲೇ ಸಾಲುಸಾಲಾಗಿ ಎದ್ದು ಶೇಂಗಾ, ಕಡಲೆ ಹೊಲಗಳ ಕಡೆ ಹೋಗುತ್ತಿದ್ದವು. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಕೆರೆ ಖಾಲಿ. ಅವು ಎಲ್ಲಿ ಹೋದವು ಎಂದು ನಾನು ಅಜ್ಜಿಯನ್ನು ಕೇಳಿದ್ದೆ.

"ತವರಿಗೆ ಹ್ವಾದುವು. ತತ್ತಿ ಇಡೂದು, ಮರಿ ಮಾಡೂದು ಎಲ್ಲಾ ಅಲ್ಲೇ. ಬಾಣಂತನ ತವರಾಗ ಅಲ್ಲೇನ ಮತ್ತ?"

"ಅವುಗಳ ತವರು ಎಲ್ಲೈತಿ?"

"ಭಾಳ ದೂರ. ನಮ್ಮಂಥಾರು ಮುಟ್ಟೂ ಹಂಗಿಲ್ಲ."

ಆ ಮಾತನ್ನು ನಾನು ಮನೆಯವರಿಗೆ ಹೇಳಿದ್ದು ಡಿಸೆಂಬರಿನ ಒಂದು ಭಾನುವಾರ. ಸುಮ್ಮನೆ, ಕಾಯಿಪಲ್ಯ ಹೆಚ್ಚುತ್ತಾ ಹೇಳಿದೆ. ಆ ಹಕ್ಕಿಗಳು ಮರಿ ಮಾಡುವುದು ಲಡಾಖಿನ ಕೆರೆಗಳ ದಂಡೆಯಲ್ಲಂತೆ, ಸಾಯುವುದರೊಳಗೆ ಒಮ್ಮೆ ನೋಡಬೇಕು ಎಂದೆ. ಅವರು ಪೇಪರ್ ಮಡಿಚಿಟ್ಟರು.

"ನೋಡಬೇಕು ಅಂದ್ರ ನೋಡಬೇಕು. ಸಾಯೂ ಮಾತ್ಯಾಕ?" ಎಂದರು. ಮರುದಿನ ನಕಾಶೆ ಬಂತು. ಅದರ ಜೊತೆಗೆ ಉದ್ದನೆಯ ಒಂದು ನೋಟುಬುಕ್ಕೂ ಬಂತು.

ಬಾತುಗಳು ಮರಿ ಮಾಡುವ ಜಾಗ ಸಮುದ್ರಮಟ್ಟದಿಂದ ನಾಲ್ಕೂವರೆ ಸಾವಿರ ಮೀಟರ್ ಮೇಲೆ. ಅಲ್ಲೊಂದು ಉಪ್ಪುನೀರಿನ ಕೆರೆ, ಅದರ ಮಗ್ಗುಲಲ್ಲಿ ಸಿಹಿನೀರಿನ ಇನ್ನೊಂದು ಸಣ್ಣ ಕೆರೆ. ದಂಡೆಯ ಹಳ್ಳಿಯಲ್ಲಿ ಬೆರಳೆಣಿಕೆಯ ಮನೆಗಳು. ಮನೆಯವರು ಲಾರಿ ಡ್ರೈವರುಗಳ ಮೂಲಕ ಮನಾಲಿಯ ಒಬ್ಬ ಟ್ಯಾಕ್ಸಿಯವನನ್ನು ಹಿಡಿದರು. ಅವನ ಮೂಲಕ ಲೇಹ್‌ನ ಇನ್ನೊಬ್ಬ ಸಿಕ್ಕ. ಅವನ ಮೂಲಕ, ಬೇಸಿಗೆಯಲ್ಲಿ ತನ್ನ ಮನೆಯ ಎರಡು ಕೋಣೆಗಳನ್ನು ಬಂದವರಿಗೆ ಕೊಡುವ ಆ ಹಳ್ಳಿಯ ಹೆಣ್ಣುಮಗಳೊಬ್ಬಳ ನಂಬರ್ ಸಿಕ್ಕಿತು. ಅವಳ ಮನೆಯಲ್ಲಿ ಫೋನ್ ಹಿಡಿಯುತ್ತಿರಲಿಲ್ಲ. ಹಿಂದಿನ ದಿಬ್ಬ ಹತ್ತಿದರೆ ಮಾತ್ರ ಸಿಗುತ್ತಿತ್ತು. ಹಾಗಾಗಿ ನಾವು ಫೋನ್ ಮಾಡುವಂತಿರಲಿಲ್ಲ. ಅವಳೇ ಕುರಿ ಬಿಡಲು ಹೋದಾಗ, ಗಾಳಿ ಕಡಿಮೆ ಇದ್ದ ದಿನ, ಇವರಿಗೆ ಮಾಡುತ್ತಿದ್ದಳು.

"ಜುಲೇ, ಭೈಯ್ಯಾ!" ಎಂದು ಕೂಗಿದರೆ ಅದು ಆಕೆ. ನಮಸ್ಕಾರಕ್ಕೆ ಅವರ ಕಡೆ ಹಾಗೆನ್ನುತ್ತಾರೆ. ಆಮೇಲೆ ಇಬ್ಬರದೂ ಮುರುಕು ಹಿಂದಿ. ಇವರದಕ್ಕೆ ದಖ್ಖನಿಯ ವಾಸನೆ, ಅವಳದಕ್ಕೆ ಬೆಟ್ಟದ ರಾಗ. ನಡುನಡುವೆ ಮಾತು ಹರಿದು ಬರೀ ಗಾಳಿ ಕೇಳಿಸುತ್ತಿತ್ತು. ಇವರು ಫೋನ್ ಇಡುತ್ತಿರಲಿಲ್ಲ, ಸ್ಪೀಕರ್ ಹಾಕಿ ಸುಮ್ಮನೆ ಹಿಡಿದುಕೊಳ್ಳುತ್ತಿದ್ದರು. ನಮ್ಮ ಪಡಸಾಲೆಯಲ್ಲಿ ಫ್ಯಾನು ನಿಂತಿರುತ್ತಿತ್ತು, ಆ ಗಾಳಿ ಮಾತ್ರ ಬೀಸುತ್ತಿತ್ತು. ನಾನು ಕಣ್ಣುಮುಚ್ಚಿ ಕೇಳುತ್ತಿದ್ದೆ. ಹೆಪ್ಪುಗಟ್ಟಿದ ಕೆರೆ, ಬೆಳ್ಳಗೆ ಬಿದ್ದುಕೊಂಡ ಬಯಲು, ದಿಬ್ಬದ ಮೇಲೆ ಮುಸುಕು ಹೊದ್ದ ಒಬ್ಬ ಹೆಂಗಸು. ಇಷ್ಟೇ ಕಾಣುತ್ತಿತ್ತು. ಅದರಲ್ಲಿ ನಾನು ಇರುತ್ತಿರಲಿಲ್ಲ, ಆದರೂ ಅದು ನನ್ನದೇ ಅನ್ನಿಸುತ್ತಿತ್ತು.

ಇವರು ನೋಟುಬುಕ್ಕಿನಲ್ಲಿ ದಿನಕ್ಕೊಂದು ಪುಟ ಬರೆದರು. ದೆಹಲಿಗೆ ರೈಲು, ಅಲ್ಲಿಂದ ಚಂಡೀಗಢ, ಹಗಲು ಹೊತ್ತಿನ ಕಾರಿನಲ್ಲಿ ಮನಾಲಿ. ಸುರಂಗ ದಾಟಿ ಕೇಲಾಂಗ್‌ನಲ್ಲಿ ಎರಡು ರಾತ್ರಿ. ಆಮೇಲೆ ಲೇಹ್, ಅಲ್ಲಿ ಮೂರು ದಿನ ಬರೀ ವಿಶ್ರಾಂತಿ. ಅದಾದ ಮೇಲೆ ಕೆರೆ. ದೆಹಲಿಯಿಂದ ವಿಮಾನದಲ್ಲಿ ಹೋದರೆ ಎರಡು ಗಂಟೆಯ ಮಾತಲ್ಲವೇ ಎಂದು ನಾನು ಕೇಳಿದರೆ ತಲೆ ಅಲ್ಲಾಡಿಸುತ್ತಿದ್ದರು.

"ಗಾಡಿ ಎಷ್ಟು ಓಡತೈತಿ ಅನ್ನೂದಲ್ಲ. ಎಲ್ಲೆಲ್ಲಿ ನಿಲ್ಲತೈತಿ ಅನ್ನೂದು ನೋಡಬೇಕು. ಮೈ ನಿಧಾನಕ್ಕ ಏರಬೇಕು."

ಒಂದು ದಿನ ಮಾತಿನ ನಡುವೆ ಅವಳಿಗೆ ಇಲ್ಲಿಂದ ಏನು ಬೇಕೆಂದು ಕೇಳಿದರು. ಅವಳು ನಾಚಿಕೊಂಡು, ಕುಕ್ಕರಿನ ರಬ್ಬರ್ ಎಂದಳು. ಆ ಎತ್ತರದಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲವಂತೆ, ಅವಳದು ಹರಿದು ಉಸಿರು ಬಿಡುತ್ತಿತ್ತು, ಪೇಟೆಗೆ ಹೋಗಬೇಕೆಂದರೆ ಒಂದು ದಿನದ ದಾರಿ. ಎಷ್ಟು ಲೀಟರಿನದು? ಗೊತ್ತಿಲ್ಲ. ಯಾವ ಕಂಪನಿ? ಅಕ್ಷರ ಅಳಿಸಿಹೋಗಿದೆ. ಕೊನೆಗೆ ಮುಚ್ಚಳದ ಅಗಲವನ್ನು ಗೇಣಿನಲ್ಲಿ ಅಳೆದು ಹೇಳಿದಳು. ನಾವಿಬ್ಬರೂ ಬೇಗಂ ಬಜಾರಿಗೆ ಹೋದೆವು. ಪಾತ್ರೆಯ ಅಂಗಡಿಯ ಮುದುಕನ ಮುಂದೆ ಇವರು ತಮ್ಮ ಗೇಣು ಚಾಚಿ, "ಇದಕ್ಕಿಂತ ಸಣ್ಣ ಕೈರಿ, ಹೆಣ್ಣುಮಗಳ ಕೈ," ಎಂದು ಕನ್ನಡದಲ್ಲೇ ಶುರುಮಾಡಿ ಆಮೇಲೆ ಹಿಂದಿಗೆ ಬಂದರು. ಮುದುಕ ನಕ್ಕು ನನ್ನ ಕೈ ನೋಡಿದ. ನನ್ನ ಗೇಣಿನ ಲೆಕ್ಕದಲ್ಲಿ ಮೂರು ಅಳತೆಯ ರಬ್ಬರ್ ಕಟ್ಟಿಕೊಟ್ಟ. ಒಂದಲ್ಲ ಒಂದು ಕೂರುತ್ತದೆ ಎಂದ. ಬಿಸಿನೀರಿನ ರಬ್ಬರ್ ಚೀಲ, ಒಣದ್ರಾಕ್ಷಿ, ಗಟ್ಟಿ ಹಗ್ಗ ಎಲ್ಲ ಕೊಂಡು ಆಟೋ ಹತ್ತುವಾಗ ಇವರ ಮುಖ ಬೆವರಿನಲ್ಲಿ ಹೊಳೆಯುತ್ತಿತ್ತು. ಎಷ್ಟೋ ವರ್ಷದ ಮೇಲೆ ಅವರನ್ನು ಹಾಗೆ ನೋಡಿದ್ದೆ.

ಏಪ್ರಿಲಿನ ಒಂದು ಬೆಳಿಗ್ಗೆ ಇವರು ಸ್ನಾನಕ್ಕೆ ಹೋಗಿದ್ದಾಗ ಫೋನ್ ಬಂತು. ಎತ್ತಿಕೊಂಡೆ.

"ಜುಲೇ, ದೀದಿ! ನೀವೇನಾ? ಮಂಚವನ್ನು ಕಿಟಕಿ ಹತ್ತಿರ ಸರಿಸಿದ್ದೇನೆ. ನಿಮ್ಮ ಎಡ ಮೊಣಕಾಲು ನೋಯುತ್ತದೆ, ನೆಲದ ಮೇಲೆ ಮಲಗಿಸಬೇಡ ಅಂತ ಭೈಯ್ಯಾ ಹೇಳಿದ್ದಾರೆ. ಒಬ್ಬರೇ ಬರುತ್ತಿದ್ದೀರಿ ಅಂತ ಹೆದರಬೇಡಿ. ನಾನೂ ಅದೇ ಕೋಣೆಯಲ್ಲಿ ಮಲಗುತ್ತೇನೆ."

ಒಬ್ಬರೇ. ಫೋನ್ ಇಟ್ಟೆ. ಮಂಚದ ಮೇಲಿದ್ದ ನೋಟುಬುಕ್ಕು ತೆಗೆದು ಪುಟ ತಿರುವಿದೆ. ನೂರು ಸಲ ನೋಡಿದ್ದ ಪುಟಗಳೇ. 'ಮುಂದಿನ ಸೀಟು, ಎಡಗಡೆ.' 'ಕೆಳಗಿನ ಬರ್ತ್.' 'ಒಂದು ಹಾಸಿಗೆ, ಎರಡು ರಜಾಯಿ.' ಮೊದಲ ಪುಟದಿಂದಲೂ ಅದು ಒಬ್ಬರ ಪ್ರಯಾಣವಾಗಿತ್ತು. ಹಿಂದಿನ ರಟ್ಟಿನ ಹೊದಿಕೆಯೊಳಗೆ ಡಾಕ್ಟರರ ಚೀಟಿ ಮಡಿಚಿಟ್ಟಿದ್ದರು. ದೀಪಾವಳಿಗೂ ಹಿಂದಿನದು. ಧೂಳು ಕೂಡದು, ಹೊಗೆ ಕೂಡದು, ಎತ್ತರದ ಪ್ರದೇಶಕ್ಕೆ ಹೋಗಕೂಡದು ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು. ನಾನು ಕಾಯಿಪಲ್ಯ ಹೆಚ್ಚುತ್ತಾ ಆಸೆ ಹೇಳಿಕೊಂಡ ದಿನವೇ ಅವರಿಗೆ ತಾವು ಬರಲಾಗುವುದಿಲ್ಲ ಎಂದು ಗೊತ್ತಿತ್ತು.

ಅವರು ತಲೆ ಒರೆಸಿಕೊಳ್ಳುತ್ತಾ ಬಂದರು. ಚೀಟಿ ನನ್ನ ಕೈಯಲ್ಲಿತ್ತು.

"ಇದೇನ್ರಿ?"

ಟವೆಲು ಹೆಗಲಿಗೆ ಹಾಕಿಕೊಂಡರು. "ಹೇಳಿದ್ರ ನೀ ಹೋಗ್ತಿದ್ದಿಲ್ಲ," ಎಂದರು.

"ಈಗೂ ಹೋಗೂದಿಲ್ಲ."

"ಇಪ್ಪತ್ತಾರು ವರ್ಷ ಲಾರಿ ಕಳಿಸೀನಿ. ಜಮ್ಮು, ಗುವಾಹಾಟಿ, ಎಲ್ಲೆಲ್ಲೋ. ಒಂದರಾಗೂ ನಾ ಕುಂತು ಹೋಗಿಲ್ಲ. ಮುಟ್ಟಿತು ಅಂತ ಫೋನ್ ಬಂದ್ರ ನಾನ ಹೋಗಿ ಬಂದಂಗ ಆಗ್ತಿತ್ತು. ಅಷ್ಟ ಸಾಕು ನನಗ."

"ನಾ ಏನ್ ಮಾಲೇನ್ರಿ, ಕಟ್ಟಿ ಕಳಸಾಕ?"

ಎರಡು ದಿನ ನಾವು ಮಾತಾಡಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ನನಗೆ ನಾಚಿಕೆಯಾಗಿತ್ತು. ಮೆಟ್ಟಿಲ ತಿರುವಿನಲ್ಲಿ ಅವರು ನಿಲ್ಲುವುದನ್ನು ದಿನಾ ನೋಡುತ್ತಿದ್ದೆ. ಆದರೂ ನಾಲ್ಕು ತಿಂಗಳು ಬೆಳ್ಳನೆಯ ಬಯಲಿನಲ್ಲೇ ತೇಲುತ್ತಾ, ಈ ಮನುಷ್ಯ ಅಲ್ಲಿ ಹೇಗೆ ಉಸಿರಾಡುತ್ತಾರೆ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ನನ್ನ ಕನಸಿನಲ್ಲಿ ಇಬ್ಬರಿಗೂ ಜಾಗವಿದೆ ಅಂದುಕೊಂಡಿದ್ದೆ. ಜಾಗ ಇದ್ದದ್ದು ನನ್ನೊಬ್ಬಳಿಗೇ.

ಮೂರನೇ ದಿನ ಅರ್ಧ ದಿನ ರಜೆ ಹಾಕಿ, ಅವರಿಗೆ ಹೇಳದೆ ಆ ಡಾಕ್ಟರರ ಹತ್ತಿರ ಹೋದೆ. ತೆಲುಗಿನವರು, ಸಮಾಧಾನದ ಮನುಷ್ಯ. ಎಲ್ಲಿಯವರೆಗೆ ಹೋಗಬಾರದು ಎಂದು ನಾನು ಕೇಳಲಿಲ್ಲ. ಎಲ್ಲಿಯವರೆಗೆ ಹೋಗಬಹುದು ಎಂದು ಕೇಳಿದೆ. ಅವರು ಹಳೆಯ ಕಾಗದಗಳನ್ನೆಲ್ಲ ತಿರುಗಿಸಿ ನೋಡಿದರು. "ಮನಾಲಿಯವರೆಗೆ ಪರವಾಗಿಲ್ಲಮ್ಮಾ. ನಿಧಾನವಾಗಿ ಹೋಗಲಿ. ಅಲ್ಲಿಂದ ಮೇಲಕ್ಕೆ ಮಾತ್ರ ಬೇಡವೇ ಬೇಡ," ಎಂದರು.

ಆಮೇಲೆ ನನ್ನ ಸರದಿ. ಮನಾಲಿಯ ವಸತಿಗೃಹಗಳಿಗೆ ಊಟದ ಬಿಡುವಿನಲ್ಲಿ ಒಂದೊಂದಾಗಿ ಫೋನ್ ಮಾಡಿದೆ. ಯಾರೂ ಕೇಳದ ಪ್ರಶ್ನೆಗಳು ನನ್ನವು. ರಸ್ತೆಯಿಂದ ಕೋಣೆಗೆ ಎಷ್ಟು ಮೆಟ್ಟಿಲು? ಕೋಣೆಯಲ್ಲಿ ಕಟ್ಟಿಗೆ ಉರಿಸುತ್ತೀರಾ, ಹೊಗೆ ಬರುತ್ತದಾ? ಆಸ್ಪತ್ರೆ ಎಷ್ಟು ದೂರ? ಕೂತಲ್ಲಿಂದ ಏನಾದರೂ ಕಾಣುತ್ತದಾ? ಒಬ್ಬರು, ನಿಮಗೆ ಬೇಕಾದ್ದು ಲಾಡ್ಜೋ ಆಸ್ಪತ್ರೆಯೋ ಎಂದು ಕೇಳಿ ಇಟ್ಟುಬಿಟ್ಟರು. ಏಳನೆಯದೋ ಎಂಟನೆಯದೋ ಕರೆಗೆ ಒಬ್ಬ ವಯಸ್ಸಾದ ಹೆಂಗಸು ಸಿಕ್ಕರು. ಫೋನ್ ಹಿಡಿದುಕೊಂಡೇ ಹೊರಗೆ ನಡೆದು ಮೆಟ್ಟಿಲು ಎಣಿಸಿದರು. "ಮೂರೇ ಮೂರು. ಕಿಟಕಿ ತೆರೆದರೆ ನದಿ," ಎಂದರು.

ಆ ಸಂಜೆ ನೋಟುಬುಕ್ಕಿನ ಖಾಲಿ ಪುಟಗಳಲ್ಲಿ ನಾನು ಕೆರೆಗೆ ಹೋಗಿ ಬರುವ ತನಕ ಮನಾಲಿಯಲ್ಲಿ ಅವರು ಕಳೆಯಬೇಕಾದ ಹನ್ನೊಂದು ದಿನಗಳನ್ನು ಬರೆದು ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಮಧ್ಯಾಹ್ನದ ಊಟ ಬರದಿಲ್ಲಲ್ಲ?"

"ಅದೇ ಮನಿಯಾಗ ಮಾಡಿ ಕೊಡ್ತಾರಂತ."

"ರೊಟ್ಟಿ?"

"ಕಟಕ ರೊಟ್ಟಿ ಬಡದು ಕಟ್ಕೊಂಡು ಹೋಗೂಣು. ಈಗರ ಹೂಂ ಅನ್ರಿ."

"ಹೂಂ," ಎಂದರು.

ಜೂನ್ ಕೊನೆಗೆ ಹೊರಟೆವು. ಮನಾಲಿ ತಲುಪಿದಾಗ ಅವರ ಉಸಿರು ಸ್ವಲ್ಪ ಬಿಗಿದಿತ್ತು, ಎರಡು ದಿನಕ್ಕೆ ಸಡಿಲಾಯಿತು. ಮೂರನೆಯ ಬೆಳಿಗ್ಗೆ ಟ್ಯಾಕ್ಸಿಯವನು ಬಂದ. ಇವರು ಗಾಡಿಯ ಸುತ್ತ ಒಂದು ಸುತ್ತು ಹೊಡೆದು ಟೈರುಗಳನ್ನು ಕಾಲಿನಿಂದ ಒತ್ತಿ ನೋಡಿದರು, ಸ್ಟೆಪ್ನಿ ತೆಗೆಸಿ ನೋಡಿದರು. ಗಾಡಿ ಹೊರಟ ಮೇಲೆ ಹಿಂತಿರುಗಿ ನೋಡಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ, ಗಡಿಯಾರ ನೋಡಿಕೊಳ್ಳುತ್ತಿದ್ದರು. ಹೊರಟ ವೇಳೆ ಬರೆದುಕೊಳ್ಳಬೇಕಲ್ಲ!

ಆಮೇಲಿನ ದಿನಗಳು ಒಂದರೊಳಗೊಂದು ಕರಗಿ ನೆನಪಿವೆ. ಮರಗಳು ಮುಗಿದವು. ಹುಲ್ಲು ಮುಗಿಯಿತು. ಬೆಟ್ಟಗಳು ಇಟ್ಟಿಗೆಯ ಬಣ್ಣಕ್ಕೆ, ಆಮೇಲೆ ಬೂದಿಯ ಬಣ್ಣಕ್ಕೆ, ಒಂದು ಕಡೆ ನೇರಳೆಗೆ ತಿರುಗಿದವು. ಕೇಲಾಂಗ್‌ನಲ್ಲಿ, ಲೇಹ್‌ನಲ್ಲಿ ಅವರು ಬರೆದಷ್ಟೇ ದಿನ ನಿಂತೆ, ಬರೆದಷ್ಟೇ ನಡೆದೆ. ತಲೆ ಹಗುರಾಗಿ, ನನ್ನ ಹೆಜ್ಜೆಯ ಸದ್ದು ನನಗೇ ಆಮೇಲೆ ಕೇಳಿಸಿದಂತೆ ಆಗುತ್ತಿತ್ತು. ಕೆರೆಯ ಹಳ್ಳಿಗೆ ಹೋದಾಗ ಮಧ್ಯಾಹ್ನ. ಕೆಂಪು ಗಲ್ಲದ ಗಿಡ್ಡ ಹೆಂಗಸೊಬ್ಬಳು ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ನನ್ನ ಹಿಂದೆ ಗಾಡಿಯೊಳಗೆ ಬಗ್ಗಿ ನೋಡಿದಳು.

"ಭೈಯ್ಯಾ ಮನಾಲಿಯಲ್ಲಿದ್ದಾರೆ," ಎಂದೆ.

"ಗೊತ್ತು," ಎಂದಳು. "ಆದರೂ ನೋಡಿದೆ."

ಎರಡನೆಯ ಅಳತೆಯ ರಬ್ಬರ್ ಸರಿಯಾಗಿ ಕೂತಿತು. ಅವಳು ಕುಕ್ಕರ್ ಒಲೆಯ ಮೇಲಿಟ್ಟು, ಸೀಟಿ ಹೊಡೆಯುವ ತನಕ ಅದರ ಮುಂದೆಯೇ ಕೂತಳು. ಹೊಡೆದಾಗ ಇಬ್ಬರೂ ನಕ್ಕೆವು.

ಮರುದಿನ ಬೆಳಿಗ್ಗೆ ಅವಳೇ ನನ್ನನ್ನು ಸಿಹಿನೀರಿನ ಕೆರೆಗೆ ಕರೆದುಕೊಂಡು ಹೋದಳು. ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಗುತ್ತಿತ್ತು. ನಿಂತಾಗ ನಾನೂ ಬೇರೇನೋ ನೋಡುವವಳಂತೆ ಮುಖ ತಿರುಗಿಸುತ್ತಿದ್ದೆ. ನೀರು ಕದಲದೆ ಬಿದ್ದಿತ್ತು. ಅದರೊಳಗೆ ಹಿಮದ ಬೆಟ್ಟ ತಲೆಕೆಳಗಾಗಿ ನಿಂತಿತ್ತು. ಅವಳು ನನ್ನ ತೋಳು ಒತ್ತಿ ಕೂರಿಸಿದಳು. ಜೌಗು ಹುಲ್ಲಿನ ಮರೆಯಿಂದ ಮೊದಲು ಒಂದು ಬಿಳಿಯ ತಲೆ ಬಂತು, ಹಿಂದೆ ಎರಡು ಕಪ್ಪು ಪಟ್ಟೆ. ಅದರ ಬೆನ್ನಿಗೆ ಅರಿಸಿನ ಹಚ್ಚಿದ ಹತ್ತಿಯ ಉಂಡೆಗಳಂಥ ಐದು ಮರಿಗಳು. ಕೊನೆಗೆ ಇನ್ನೊಂದು ದೊಡ್ಡದು. ಬೆಟ್ಟದ ನೆರಳಿನ ಮೇಲೆ ಹಾದು ಅವು ಆಚೆ ದಂಡೆಗೆ ಹೋದವು. ದುರ್ಬೀನು ಕೊರಳಲ್ಲೇ ಇತ್ತು, ಎತ್ತಿಕೊಳ್ಳುವುದು ಮರೆತೆ. ಕಣ್ಣು ತುಂಬಿಕೊಂಡಿತ್ತು. ಅದು ಗಾಳಿಗೆ ಎಂದು ಅವಳಿಗೆ ಹೇಳಿದೆ. ಅವಳು ಹೂಂ ಎಂದಳು. ಗಾಳಿ ಇರಲಿಲ್ಲ.

ಮೂರು ದಿನ ಅಲ್ಲಿದ್ದೆ. ಹೊರಡುವ ಹಿಂದಿನ ಸಂಜೆ ದಿಬ್ಬ ಹತ್ತಿ ಇವರಿಗೆ ಫೋನ್ ಮಾಡಿದೆ. "ಐದು ಮರಿ," ಎಂದಷ್ಟೇ ಹೇಳಲು ಆಯಿತು. "ಐದೂ?" ಎಂದು ಅವರು ಕೇಳಿದ್ದು ಕೇಳಿಸಿತು. ಆಮೇಲೆ ಲೈನು ಹೋಯಿತು.

ಬರುವಾಗ ಲೇಹ್‌ಗೆ ಹೋಗದೆ ನೇರ ಕೇಲಾಂಗ್ ದಾರಿ ಹಿಡಿದೆವು. ಅರ್ಧ ದಾರಿಯಲ್ಲಿ, ಹಿಮ ಕರಗಿ ಉಕ್ಕಿದ ಹಳ್ಳ ರಸ್ತೆಯ ಮೇಲಿನ ಸಣ್ಣ ಸೇತುವೆಯನ್ನು ಕೊಚ್ಚಿಕೊಂಡು ಹೋಗಿತ್ತು. ಈ ದಡದಲ್ಲಿ ಹತ್ತಾರು ಗಾಡಿ, ಆ ದಡದಲ್ಲಿ ಹತ್ತಾರು. ಫೋನಿಲ್ಲ. ಒಂದು ಚಹಾದ ಡೇರೆಯಲ್ಲಿ ಆ ರಾತ್ರಿ ಕಳೆದೆ. ಮನಾಲಿಯಲ್ಲಿ ಇವರು ಬಾಗಿಲ ಮುಂದಿನ ಮೂರು ಮೆಟ್ಟಿಲ ಮೇಲೆ ಕೂತು ಗಡಿಯಾರ ನೋಡುತ್ತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಬೆಳಗಾದ ಮೇಲೆ ಕೆಲವರು ಅಡ್ಡ ಹಾಕಿದ ಹಲಗೆಗಳ ಮೇಲೆ ನಡೆದು ಆಚೆ ಹೋಗಿ ಬೇರೆ ಗಾಡಿ ಹಿಡಿಯತೊಡಗಿದರು. ನಾನೂ ಚೀಲ ಹೆಗಲಿಗೆ ಹಾಕಿದೆ. ಟ್ಯಾಕ್ಸಿಯವನು ಬೇಡ ಎಂದ. ನಾನು ಕೇಳಲಿಲ್ಲ.

ಅಷ್ಟರಲ್ಲಿ ಆ ದಡದಿಂದ ಸರ್ದಾರಜಿ ಲಾರಿ ಡ್ರೈವರೊಬ್ಬ ಹಲಗೆ ದಾಟಿ ಡೇರೆಗೆ ಬಂದು, ಹೈದರಾಬಾದಿನ ದೀದಿ ಯಾರು ಎಂದು ಗಟ್ಟಿಯಾಗಿ ಕೇಳಿದ. ನಾನು ಮುಂದೆ ಬಂದೆ. ಅವನು ಕೈಯಲ್ಲಿದ್ದ ಚೀಟಿ ನೋಡಿಕೊಂಡು, ಕಷ್ಟಪಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದ.

"ಅವ್‌ಸರ್ ಬ್ಯಾಡ. ಹಲ್‌ಗೀ ಮ್ಯಾಲ್ ದಾಟ್‌ಬ್ಯಾಡ. ನಾ ಆರಾಮ್ ಅದೀನಿ."

ಆಮೇಲೆ ಹಿಂದಿಯಲ್ಲಿ ವಿವರಿಸಿದ. ಸೇತುವೆ ಹೋದ ಸುದ್ದಿ ಬಂದೊಡನೆ, ಮನಾಲಿಯ ಲಾರಿ ಅಡ್ಡೆಯಲ್ಲಿ ಮೇಲಕ್ಕೆ ಹೊರಟ ಪ್ರತಿಯೊಬ್ಬ ಡ್ರೈವರನಿಗೂ ಒಬ್ಬ ಸಾಹೇಬರು ಇದೇ ಮಾತು ಹೇಳಲು ಕಲಿಸಿದರಂತೆ. ಮರೆಯದಿರಲೆಂದು ಅವರವರ ಅಕ್ಷರದಲ್ಲೇ ಚೀಟಿ ಬರೆಸಿದರಂತೆ. ಹಿಂದಿಯಲ್ಲಿ ಹೇಳಿದರೆ ನಮ್ಮಾಕೆ ನಂಬುವುದಿಲ್ಲ ಎಂದರಂತೆ. ನಾನು ಚೀಲ ಇಳಿಸಿ ಕೂತೆ. ಚಹಾ ಕೇಳಿದೆ. ಸುತ್ತ ಅಷ್ಟು ದೊಡ್ಡ ಬೆಟ್ಟಗಳ ನಡುವೆ ಯಾರೋ ಹೆಗಲ ಮೇಲೆ ಶಾಲು ಹೊದಿಸಿದಂತೆ ಅನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಸೈನ್ಯದವರು ಕಬ್ಬಿಣದ ಸೇತುವೆ ಜೋಡಿಸಿದರು. ನಮ್ಮ ಗಾಡಿಯೂ ದಾಟಿತು.

ಮನಾಲಿಗೆ ಒಂದು ದಿನ ತಡವಾಗಿ ತಲುಪಿದೆ. ಇವರು ಬಿಸಿಲಿಗೆ ಕಪ್ಪಾಗಿದ್ದರು, ಊರಿನವರ ಹಾಗೆ ಉಣ್ಣೆಯ ಟೊಪ್ಪಿ ಹಾಕಿಕೊಂಡಿದ್ದರು. "ಬಂದೆಲ್ಲ," ಎಂದರು. ಅಷ್ಟೇ.

ಮರುದಿನ ಬೆಳಿಗ್ಗೆ, ಚಂಡೀಗಢದ ಕಾರು ಬರುವುದಕ್ಕೆ ಮೊದಲು, ನನಗೊಂದು ತೋರಿಸುವುದಿದೆ ಎಂದು ನದಿಯ ಕಡೆ ನಡೆದರು. ನಿಧಾನವಾಗಿ, ನಿಂತು ನಿಂತು. ಈ ಸಲ ಮುಖ ತಿರುಗಿಸಲಿಲ್ಲ. ನಾನೂ ಜೊತೆಗೆ ನಿಂತೆ. ನೊರೆಯೆದ್ದು ಹರಿಯುವ ನೀರಿನ ನಡುವಿನ ಬಂಡೆಯೊಂದನ್ನು ತೋರಿಸಿದರು. ಅದರ ಮೇಲೆ ಕಾಫಿಪುಡಿ ಬಣ್ಣದ ಪುಟ್ಟ ಹಕ್ಕಿ, ಕಾಲು ಮಡಿಸಿ ಮಡಿಸಿ ಮೈ ಕುಣಿಸುತ್ತಿತ್ತು. ನಾವು ನೋಡುತ್ತಿರುವಂತೆಯೇ ಆ ಸೆಳವಿನೊಳಕ್ಕೆ ಇಳಿದು ಮಾಯವಾಯಿತು.

"ಈಗ ನೋಡು," ಎಂದು ಪಿಸುಗುಟ್ಟಿದರು. "ಹೋತು ಅನ್ಕೋತೀವಿ. ಮತ್ತ ಅದ ಕಲ್ಲಿಗೇ ಬರತೈತಿ. ಹನ್ನೆರಡು ದಿನ ಆತು, ನೋಡಾಕತ್ತೀನಿ."

ಅದು ಮೇಲೆ ಬಂತು, ಬಾಯಲ್ಲಿ ಏನೋ ಹಿಡಿದು. ಮೈ ಒಂದಿಷ್ಟೂ ಒದ್ದೆಯಾದಂತೆ ಇರಲಿಲ್ಲ. ನಾನು ದುರ್ಬೀನು ತೆಗೆದು ಅವರ ಕೊರಳಿಗೆ ಹಾಕಿದೆ. ಅವರು ಅದನ್ನು ಕಣ್ಣಿಗೆ ಹಿಡಿದು, ಬಂಡೆ ಸಿಗದೆ ಸ್ವಲ್ಪ ಹೊತ್ತು ನೀರಿನ ಮೇಲೆಲ್ಲ ಹುಡುಕಾಡಿ, ಸಿಕ್ಕ ಮೇಲೆ ಬಾಯಿ ತೆರೆದುಕೊಂಡು ಹಾಗೆಯೇ ನಿಂತರು.

ಕಾರು ಹತ್ತು ಗಂಟೆಗೆ ಬರಬೇಕಿತ್ತು. ದುರ್ಬೀನು ಕಣ್ಣಿನಿಂದ ತೆಗೆಯದೆಯೇ ಇನ್ನೊಂದು ಕೈಯಿಂದ ಜೇಬಿನ ಫೋನ್ ನನಗೆ ಕೊಟ್ಟು, ಡ್ರೈವರನಿಗೆ ಹನ್ನೊಂದಕ್ಕೆ ಬಾ ಎಂದು ಹೇಳಲು ಹೇಳಿದರು.